ಊರು ಬಿಟ್ಟ ವರ್ಷ: ಪ್ಲೇಗಿನ ಕಾಲದ ಕನ್ನಡನಾಡಿನ ಮನೆವಾರ್ತೆ

ಕಾಯಿಲೆ ಬಿದ್ದವರನ್ನು ನಡುಮನೆಯಲ್ಲೋ ಕೋಣೆಯಲ್ಲೋ ಮಲಗಿಸಿ, ಗಾಳಿ ತಾಗದಂತೆ ಬಾಗಿಲು ಮುಂದೆ ಮಾಡಿ, ಕಂಬಳಿ ಹೊದಿಸಿ, ಗಂಜಿ ಕಷಾಯಗಳನ್ನು ಕೊಟ್ಟು, ರಾತ್ರಿ ಸರದಿಯ ಮೇಲೆ ಎದ್ದಿದ್ದು ನೋಡಿಕೊಳ್ಳುವುದು ಕನ್ನಡನಾಡಿನ ಕುಟುಂಬಗಳು ತಲೆಮಾರುಗಳಿಂದ ನಡೆಸಿಕೊಂಡು ಬಂದ ಕ್ರಮ. ಸಿಡುಬು, ವಾಂತಿಭೇದಿ, ಚಳಿಜ್ವರಗಳು ಎಷ್ಟೇ ಜೀವಗಳನ್ನು ಕೊಂಡೊಯ್ದರೂ ಈ ಕ್ರಮವನ್ನು ಕದಲಿಸಿರಲಿಲ್ಲ. ಕಷ್ಟ ಬಂದಾಗ ಮನೆ ಸೇರಬೇಕು, ಮನೆಯವರೆಲ್ಲ ಒಂದೆಡೆ ಇರಬೇಕು ಎಂಬುದು ಯಾರೂ ಹೇಳಿಕೊಡದೆಯೇ ಎಲ್ಲರಿಗೂ ತಿಳಿದಿದ್ದ ಸಂಗತಿಯಾಗಿತ್ತು. 1898ರಲ್ಲಿ ಹುಬ್ಬಳ್ಳಿ, ಬೆಂಗಳೂರು, ಮೈಸೂರುಗಳನ್ನು ಹೊಕ್ಕು, ಅಲ್ಲಿಂದ ಹಳ್ಳಿಗಳಿಗೆ ಹರಡಿದ ಪ್ಲೇಗು ಈ ತಿಳಿವಳಿಕೆಯನ್ನೇ ತಲೆಕೆಳಗು ಮಾಡಿತು, ಏಕೆಂದರೆ ಆ ರೋಗ ನೆಲೆಸುತ್ತಿದ್ದುದು ಬಾವಿಯ ನೀರಿನಲ್ಲಲ್ಲ, ಬೀದಿಯ ಗಾಳಿಯಲ್ಲಲ್ಲ, ಮನೆಯಲ್ಲಿಯೇ. ಆ ವರ್ಷಗಳಲ್ಲಿ ಸಂಸಾರಗಳು ಬದುಕಿ ಉಳಿದುದು ಮನೆಯನ್ನು ಬಿಡಲು ಕಲಿತದ್ದರಿಂದ. ಆ ಕಲಿಕೆಗೆ ಅವು ತೆತ್ತ ಬೆಲೆ ಎಷ್ಟೆಂಬುದು ಸಾವಿನ ಪಟ್ಟಿಗಳಲ್ಲಿ ಕಾಣಿಸುವುದಿಲ್ಲ.

ಪ್ಲೇಗು ಮೂಲತಃ ಇಲಿಗಳ ರೋಗ. ಅದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದ. ರೋಗ ಹತ್ತಿದ ಇಲಿ ಸತ್ತು ಅದರ ಮೈ ತಣ್ಣಗಾದಾಗ ಅದರ ಮೇಲಿದ್ದ ಚಿಗಟಗಳು ಬೇರೆ ಆಸರೆ ಹುಡುಕಿಕೊಂಡು ಮನುಷ್ಯರ ಮೈಗೆ ಹಾರುತ್ತವೆ, ಅವುಗಳ ಕಡಿತದಿಂದ ರೋಗ ದಾಟುತ್ತದೆ ಎಂಬುದನ್ನು ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿಯೇ, ಎಂದರೆ ಬೆಂಗಳೂರಿಗೆ ಪ್ಲೇಗು ಬಂದ ವರ್ಷವೇ. ಆದರೆ ವೈದ್ಯಲೋಕ ಅದನ್ನು ಒಪ್ಪಿಕೊಳ್ಳಲು ಇನ್ನೂ ಹಲವು ವರ್ಷಗಳು ಹಿಡಿದವು. ಕಡಿತವಾದ ಕೆಲವು ದಿನಗಳಲ್ಲಿ ಜ್ವರ ಏರಿ, ತೊಡೆಯ ಸಂದಿನಲ್ಲೋ ಕಂಕುಳಲ್ಲೋ ಕುತ್ತಿಗೆಯಲ್ಲೋ ಗಡ್ಡೆ ಎದ್ದು, ಬಹಳ ಮಂದಿ ಒಂದು ವಾರದೊಳಗೆ ತೀರಿಕೊಳ್ಳುತ್ತಿದ್ದರು. ಚಿಗಟದ ಸಂಗತಿ ಜನರಿಗೆ ತಿಳಿದಿರಲಿಲ್ಲ, ಆದರೆ ಇಲಿಯ ಸಂಗತಿ ಬಹುಬೇಗ ತಿಳಿಯಿತು. "ಇಲಿ ಬಿತ್ತು" ಎಂಬ ಎರಡು ಪದಗಳ ಮಾತು ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಮನುಷ್ಯರ ಸಾವಿನ ಸುದ್ದಿಯಷ್ಟೇ ಭಾರವಾದ ಮಾತಾಯಿತು. ಅಟ್ಟದಿಂದಲೋ ಸೂರಿನಿಂದಲೋ ಇಲಿಯೊಂದು ಹಗಲಿನಲ್ಲಿ ತಲೆ ತಿರುಗಿದಂತೆ ಬಂದು ನೆಲಕ್ಕೆ ಬಿದ್ದು ಸತ್ತರೆ, ಆ ಮನೆಯವರು ಅಂದೇ ಗಂಟು ಕಟ್ಟತೊಡಗುತ್ತಿದ್ದರು.

ಇಲಿಗಳು ಮನೆಯಲ್ಲಿರುವುದಕ್ಕೆ ಕಾರಣ ಧಾನ್ಯ. ರಾಗಿ ಜೋಳಗಳನ್ನು ನೆಲದೊಳಗೆ ಅಗೆದ ಹಗೇವುಗಳಲ್ಲಿಯೂ, ಒಳಮನೆಯ ಕಣಜ ವಾಡೆಗಳಲ್ಲಿಯೂ, ಬಿತ್ತನೆಯ ಬೀಜವನ್ನು ಅಟ್ಟದ ಮೇಲಿನ ಗಡಿಗೆಗಳಲ್ಲಿಯೂ ಕಾಪಾಡುವುದು ಒಕ್ಕಲುತನದ ಮನೆಗಳ ಪದ್ಧತಿ. ಮಣ್ಣಿನ ಗೋಡೆ, ಮಾಳಿಗೆ ಅಥವಾ ನಾಡಹೆಂಚಿನ ಮಾಡು, ಕಿಟಕಿಯಿಲ್ಲದ ಒಳಕೋಣೆ, ಮನೆಯೊಳಗೇ ಹೊಂದಿಕೊಂಡ ದನದ ಕೊಟ್ಟಿಗೆ, ಇವೆಲ್ಲವೂ ಇಲಿಗೆ ಒಗ್ಗುವಂಥವು. ಬೆಂಗಳೂರಿನ ಪೇಟೆಯಲ್ಲಿ ಧಾನ್ಯದ ಮಂಡಿಗಳಿದ್ದ ತರಗುಪೇಟೆಯೂ ಅದರ ಸುತ್ತಣ ಇಕ್ಕಟ್ಟಿನ ಬೀದಿಗಳೂ ಗೋಡೆಗೆ ಗೋಡೆ ತಾಗಿದ ಮನೆಗಳಿಂದ ತುಂಬಿದ್ದವು. ಬರಗಾಲಕ್ಕೆಂದು ಕೂಡಿಟ್ಟ ಕಾಳೇ ರೋಗವನ್ನು ಕರೆತರುವಂತಾದದ್ದು ಆ ತಲೆಮಾರಿನವರಿಗೆ ವಿಶೇಷವಾಗಿ ನೋವಿನ ಸಂಗತಿಯಾಗಿದ್ದಿರಬೇಕು, ಏಕೆಂದರೆ 1876ರಿಂದ 1878ರವರೆಗಿನ ಮಹಾ ಕ್ಷಾಮವನ್ನು ಕಂಡವರು ಪ್ರತಿ ಮನೆಯಲ್ಲಿಯೂ ಇನ್ನೂ ಬದುಕಿದ್ದರು. ಆ ಕ್ಷಾಮ ಬಿದ್ದ ದಶಕದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷದಿಂದ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಕ್ಷಾಮದಲ್ಲಿ ಜನ ಅನ್ನ ಹುಡುಕಿಕೊಂಡು ಹಳ್ಳಿಯಿಂದ ಪಟ್ಟಣಕ್ಕೆ ನಡೆದಿದ್ದರು. ಇಪ್ಪತ್ತು ವರ್ಷಗಳ ಮೇಲೆ ಅದೇ ಜನ, ಅಥವಾ ಅವರ ಮಕ್ಕಳು, ಪಟ್ಟಣವನ್ನು ಬಿಟ್ಟು ಹೊಲಗಳ ಕಡೆಗೆ ನಡೆಯಬೇಕಾಯಿತು.

ರೋಗ ಬಂದ ದಾರಿ ರೈಲಿನ ದಾರಿ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಪುಣೆಯನ್ನು ದಾಟಿ ದಕ್ಷಿಣಕ್ಕೆ ಇಳಿದು, ಸದರ್ನ್ ಮರಾಠಾ ರೈಲ್ವೆಯ ಕಾರ್ಯಾಗಾರವಿದ್ದ ಹುಬ್ಬಳ್ಳಿಯನ್ನು 1898ರಲ್ಲಿ ಬಲವಾಗಿ ಹಿಡಿಯಿತು. ಅದೇ ವರ್ಷದ ಆಗಸ್ಟಿನಲ್ಲಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದವನೊಬ್ಬನಲ್ಲಿ ಬೆಂಗಳೂರಿನ ಮೊದಲ ಪ್ರಕರಣ ಪತ್ತೆಯಾಯಿತು. ಆ ಬಳಿಕ ಪೇಟೆಯೂ ಬ್ರಿಟಿಷರ ಆಡಳಿತದಲ್ಲಿದ್ದ ದಂಡುಪ್ರದೇಶವೂ ಒಟ್ಟಿಗೆ ರೋಗಕ್ಕೆ ತುತ್ತಾದವು, ಮತ್ತು ಚಳಿಗಾಲದ ಹೊತ್ತಿಗೆ ಮೈಸೂರು ನಗರವೂ ಸುತ್ತಣ ಊರುಗಳೂ ಅದರ ಹಿಡಿತಕ್ಕೆ ಸಿಕ್ಕವು.

ಆ ವರ್ಷ ಸಂಸ್ಥಾನದ ಅರಮನೆಯೂ ಒಂದು ನೊಂದ ಮನೆಯಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಹತ್ತನೆಯ ಚಾಮರಾಜ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗಂಟಲುಮಾರಿಯಿಂದ, ಎಂದರೆ ಡಿಫ್ತೀರಿಯಾದಿಂದ, ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಹಿರಿಯ ಮಗ ಕೃಷ್ಣರಾಜನಿಗೆ ಆಗ ಹತ್ತು ವರ್ಷ. ಪತಿಯನ್ನು ಕಳೆದುಕೊಂಡ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿ ರಾಜ್ಯಭಾರದ ಹೊಣೆ ಹೊತ್ತರು. 1897ರಲ್ಲಿ ರಾಜಕುಮಾರಿಯ ಮದುವೆಯ ಸಂದರ್ಭದಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಒಂದೇ ಮನೆಯವರು ನಾಲ್ಕು ವರ್ಷಗಳಲ್ಲಿ ಯಜಮಾನನನ್ನೂ ವಾಸದ ಮನೆಯನ್ನೂ ಕಳೆದುಕೊಂಡು, ಮೂರನೆಯದಾಗಿ ಊರಿಗೇ ಬಂದ ಮಾರಿಯನ್ನು ಎದುರಿಸಬೇಕಾಯಿತು. ಅರಮನೆಯ ದುಃಖವನ್ನೂ ಗುಡಿಸಲಿನ ದುಃಖವನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು, ಏಕೆಂದರೆ ಸುಟ್ಟ ಅರಮನೆಯ ಜಾಗದಲ್ಲಿ ಮತ್ತೊಂದು ಅರಮನೆ ಏಳಲು ಖಜಾನೆಯಿತ್ತು. ಆದರೂ ಆ ರೀಜೆನ್ಸಿಯ ಕಾಲದಲ್ಲಿ ಆಸ್ಪತ್ರೆಗಳಿಗೆ ದೊರೆತ ಗಮನಕ್ಕೆ ಸ್ವಂತ ಮನೆಯಲ್ಲಿ ಸಾವು ಕಂಡವರ ಆಸ್ಥೆಯೂ ಒಂದು ಕಾರಣವೆಂದು ಭಾವಿಸುವುದು ತಪ್ಪಾಗಲಾರದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಮಹಾರಾಣಿಯವರು 1897ರ ಜೂನ್ 22ರಂದು ಅಡಿಗಲ್ಲು ಇಟ್ಟರು. ಪ್ಲೇಗಿನ ಅತಿ ಕಷ್ಟದ ತಿಂಗಳುಗಳು ಕಳೆದ ಮೇಲೆ, 1900ರ ಡಿಸೆಂಬರಿನಲ್ಲಿ, ಲಾರ್ಡ್ ಕರ್ಜನ್ ಅದನ್ನು ತೆರೆದರು.

ಸರ್ಕಾರದ ಕ್ರಮಗಳ ಕಥೆ ಹಲವು ಕಡೆ ಬರೆಯಲ್ಪಟ್ಟಿದೆಯಾದ್ದರಿಂದ ಇಲ್ಲಿ ಅದು ಮನೆಯ ಹೊಸ್ತಿಲನ್ನು ದಾಟಿದಷ್ಟು ಮಟ್ಟಿಗೆ ಮಾತ್ರ ಪ್ರಸ್ತುತ. ಬ್ರಿಟಿಷ್ ಇಂಡಿಯಾದಲ್ಲಿ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಅಧಿಕಾರಿಗಳಿಗೆ ಮನೆಗಳನ್ನು ಶೋಧಿಸುವ, ರೋಗಿಗಳನ್ನು ಬೇರ್ಪಡಿಸುವ, ಪ್ರಯಾಣಿಕರನ್ನು ತಡೆಯುವ ವಿಪರೀತ ಅಧಿಕಾರವನ್ನು ಕೊಟ್ಟಿತ್ತು. ಮೈಸೂರಿನಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರ ಮುಂದೆ ತಾವೇ ದಿವಾನರಾದ ವಿ. ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರಾಗಿ ನೇಮಿಸಿ, ಇಂಥವೇ ಏರ್ಪಾಡುಗಳನ್ನು ಮಾಡಿತು. ಬೆಂಗಳೂರಿಗೆ ದೂರವಾಣಿಯ ತಂತಿ ಬಂದದ್ದೂ ಈ ಕೆಲಸದ ಅನುಕೂಲಕ್ಕಾಗಿಯೇ. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ಕಂಕುಳು, ತೊಡೆಸಂದುಗಳನ್ನು ಮುಟ್ಟಿ ಗಡ್ಡೆಯಿದೆಯೇ ಎಂದು ನೋಡುತ್ತಿದ್ದರು. ರೋಗಿ ಪತ್ತೆಯಾದ ಮನೆಗೆ ಪ್ಲೇಗ್ ಇಲಾಖೆಯವರು ಬಂದು, ರೋಗಿಯನ್ನು ಪ್ಲೇಗ್ ಆಸ್ಪತ್ರೆಗೂ ಮನೆಯ ಉಳಿದವರನ್ನು ಊರ ಹೊರಗಿನ ಪ್ರತ್ಯೇಕ ಕ್ಯಾಂಪಿಗೂ ಕಳುಹಿಸಿ, ಬಳಿಕ ಮನೆಯನ್ನು ಶುದ್ಧಿ ಮಾಡುತ್ತಿದ್ದರು. ಶುದ್ಧಿಯೆಂದರೆ ಗೋಡೆ ನೆಲಗಳಿಗೆ ರಸಕರ್ಪೂರದ ದ್ರಾವಣವನ್ನೋ ಕಾರ್ಬಾಲಿಕ್ ಆಮ್ಲವನ್ನೋ ಹೊಡೆಯುವುದು, ಸುಣ್ಣ ಬಳಿಯುವುದು, ಬಿಸಿಲು ಒಳಗೆ ಬೀಳುವಂತೆ ಮಾಡಿನ ಹೆಂಚು ತೆಗೆಯುವುದು, ಹಾಸಿಗೆ ಹೊದಿಕೆ ಚಿಂದಿಗಳನ್ನು ಸುಡುವುದು.

ಇದರಲ್ಲಿ ಬಹುಪಾಲು ಶ್ರಮ ವ್ಯರ್ಥವಾಯಿತೆಂಬುದು ಇಂದು ಸ್ಪಷ್ಟ. ಗೋಡೆಗೆ ಹೊಡೆದ ದ್ರಾವಣದಿಂದ ಬಿಲದೊಳಗಿನ ಇಲಿಗೆ ಏನೂ ಆಗುತ್ತಿರಲಿಲ್ಲ; ಗಲಾಟೆಗೆ ಬೆದರಿದ ಇಲಿಗಳು ಪಕ್ಕದ ಮನೆಗೆ ಓಡಿ ರೋಗವನ್ನು ಅಲ್ಲಿಗೂ ಮುಟ್ಟಿಸುತ್ತಿದ್ದವು. ಆದರೆ ಆ ಸಂಸಾರಕ್ಕೆ ಆದ ನಷ್ಟ ಪೂರ್ತಿ ನಿಜವಾದದ್ದು. ಬಡಮನೆಯಲ್ಲಿ ಕೌದಿ ಎಂಬುದು ಹಳೆಯ ಸೀರೆ ಪಂಚೆಗಳನ್ನು ಪದರಪದರವಾಗಿ ಜೋಡಿಸಿ ಹೆಂಗಸರು ತಿಂಗಳುಗಟ್ಟಲೆ ಕೂತು ಹೊಲಿದ ಹೊದಿಕೆ. ಚಳಿಗಾಲ ಬರುವ ಮುಂಚೆ ಅದನ್ನು ಸುಟ್ಟರೆ ಬದಲಿಗೆ ಹೊದೆಯಲು ಇನ್ನೊಂದಿರುತ್ತಿರಲಿಲ್ಲ. ಹೆಂಚು ಇಳಿಸಿದ ಮಾಡನ್ನು ಮತ್ತೆ ಹೊದಿಸಲು ಆಳು, ಕೂಲಿ, ಒಡೆದ ಹೆಂಚಿಗೆ ಬದಲು ಹೆಂಚು ಬೇಕಾಗುತ್ತಿದ್ದವು, ಮತ್ತು ಅಷ್ಟರಲ್ಲಿ ಹಿಂಗಾರು ಮಳೆ ಬಂದರೆ ಮಣ್ಣಿನ ಗೋಡೆ ಕುಸಿಯುತ್ತಿತ್ತು. ರೋಗಿಯನ್ನು ಒಯ್ದ ಮೇಲೆ ಅವರು ಬದುಕಿದ್ದಾರೋ ಇಲ್ಲವೋ ಎಂಬುದು ಕ್ಯಾಂಪಿನಲ್ಲಿದ್ದ ಮನೆಯವರಿಗೆ ತಿಳಿಯುವುದೇ ಕಷ್ಟವಾಗಿತ್ತು. ಹೀಗಿರುವಾಗ ಮನೆಗಳು ರೋಗಿಗಳನ್ನು ಬಚ್ಚಿಟ್ಟುಕೊಂಡುದರಲ್ಲಿ ಅಜ್ಞಾನಕ್ಕಿಂತ ಹೆಚ್ಚಾಗಿ ಮಮತೆಯಿತ್ತು ಎಂದೇ ಹೇಳಬೇಕು. ತಾಯಿಯನ್ನೋ ಮಗುವನ್ನೋ ಅಪರಿಚಿತರ ಕೈಗೆ ಒಪ್ಪಿಸುವುದಕ್ಕಿಂತ ಅಟ್ಟದ ಮೇಲೆ ಮಲಗಿಸುವುದು ವಾಸಿ ಎಂದು ತಿಳಿದವರನ್ನು ಆ ಕಾಲದ ವರದಿಗಳು ಮೊಂಡರೆಂದು ಕರೆದವು. ಆ ಮಾತು ನ್ಯಾಯವಾದುದಲ್ಲ. ಅಸಮಾಧಾನ ಕೆಲವು ಕಡೆ ಸಿಡಿದೂ ಸಿಡಿಯಿತು. 1897ರ ಜೂನಿನಲ್ಲಿ ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡ್ ಗುಂಡೇಟಿಗೆ ಗುರಿಯಾದದ್ದು ಪ್ರಸಿದ್ಧ. ಮೈಸೂರು ಸೀಮೆಯಲ್ಲಿಯೂ 1898ರ ಕೊನೆಯಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಗಲಭೆಯೆದ್ದಿತು.

ಮನೆ ಬಿಡುವುದು ಎಲ್ಲರಿಗೂ ಒಂದೇ ಬಗೆಯ ಕಷ್ಟವಾಗಿರಲಿಲ್ಲ. ಒಕ್ಕಲಿಗನ ದುಡಿಮೆ ಹೊಲದಲ್ಲಿತ್ತು. ಅವನು ಹೊಲದ ಬದಿಗೆ ಗುಡಿಸಲು ಹಾಕಿಕೊಂಡರೆ ದುಡಿಮೆಗೆ ಹತ್ತಿರವೇ ಆಗುತ್ತಿದ್ದ. ಮೇಲಾಗಿ ಈ ಸೀಮೆಯಲ್ಲಿ ಪ್ಲೇಗು ಮಳೆಗಾಲದ ನಡುವಿನಲ್ಲಿ ತಲೆಯೆತ್ತಿ, ಚಳಿಯ ತಿಂಗಳುಗಳಲ್ಲಿ ಏರಿ, ಬೇಸಿಗೆಯ ಒಣಹವೆಗೆ ಚಿಗಟಗಳು ಸಾಯುವುದರಿಂದ ತಗ್ಗುತ್ತಿದ್ದ ರೋಗ. ರಾಗಿಯ ಕೊಯ್ಲು, ಮೆದೆ ಒಟ್ಟುವುದು, ಕಣದ ಕೆಲಸಗಳೆಲ್ಲ ಇದೇ ತಿಂಗಳುಗಳಲ್ಲಿ ಬರುವುದರಿಂದ ರಾತ್ರಿ ಕಣ ಕಾಯಲು ಹೊರಗೆ ಮಲಗುವುದು ಗಂಡಸರಿಗಾದರೂ ಅಭ್ಯಾಸವಿದ್ದ ಸಂಗತಿ. ನೇಕಾರನ ಪಾಡು ಹಾಗಲ್ಲ. ಅವನ ಗುಂಡಿಮಗ್ಗ, ಅಂದರೆ ನೇಯುವವನು ಕಾಲು ಇಳಿಬಿಟ್ಟು ಕೂರಲು ನೆಲದಲ್ಲಿ ಕುಣಿ ತೋಡಿ ಅದಕ್ಕೆ ಹೊಂದಿಸಿ ಕಟ್ಟಿದ ಮಗ್ಗ, ಮನೆಯ ನೆಲಕ್ಕೇ ಅಂಟಿಕೊಂಡದ್ದು. ಮಗ್ಗದ ಮೇಲೆ ಅರ್ಧ ನೇಯ್ದ ಹಾಸನ್ನು ಬಿಟ್ಟು ಹೋದರೆ ನೂಲು ಕೊಟ್ಟ ಸಾಹುಕಾರನ ಬಾಕಿ ಹಾಗೆಯೇ ನಿಲ್ಲುತ್ತಿತ್ತು. ಕ್ಯಾಂಪಿನ ತಡಿಕೆಯ ಗುಡಿಸಲಿನಲ್ಲಿ ಹೊಸ ಮಗ್ಗ ಹೂಡಲು ಎಡೆಯಿರಲಿಲ್ಲ. ಬೆಂಗಳೂರಿನ ಪೇಟೆಯ ಬಹುಭಾಗ ನೇಕಾರರದು, ಅಕ್ಕಸಾಲಿಗ ಕಂಚುಗಾರರದು, ಸಣ್ಣ ಅಂಗಡಿಗಳದು. ಇವರೆಲ್ಲರಿಗೂ ಮನೆಯೇ ಕಾರ್ಖಾನೆ, ಮನೆಯ ಮುಂಭಾಗವೇ ಅಂಗಡಿ. ದಿನಗೂಲಿಯವರ ಸಂಕಟ ಮತ್ತೊಂದು ಬಗೆಯದು: ಪ್ಲೇಗಿನ ಊರಿನವರೆಂದು ತಿಳಿದರೆ ಅವರನ್ನು ಕೆಲಸಕ್ಕೆ ಕರೆಯುವವರು ಇರಲಿಲ್ಲ.

ಇಂಥ ಹೊತ್ತಿನಲ್ಲಿ ಸಂಸಾರಗಳು ಹಿಡಿದ ದಾರಿಗಳು ಹೊಸವೇನಲ್ಲ, ಕ್ಷಾಮದ ಕಾಲದಲ್ಲಿ ಸವೆದ ದಾರಿಗಳೇ. ಮೊದಲು ನೆರೆಹೊರೆಯಲ್ಲಿ ಕೈಗಡ. ಅದು ತೀರಿದರೆ ಹಿತ್ತಾಳೆ ಕಂಚಿನ ಪಾತ್ರೆ. ಆಮೇಲೆ ಓಲೆ, ಬಳೆ, ಕಡಗಗಳನ್ನು ಒತ್ತೆಯಿಡುವುದು. ಕೊನೆಗೆ ಭೋಗ್ಯಕ್ಕೆ ಹೊಲ, ಎಂದರೆ ಸಾಲ ಕೊಟ್ಟವನು ಬಡ್ಡಿಯ ಬದಲು ಹೊಲದ ಫಸಲನ್ನು ಅನುಭವಿಸುವ ಕರಾರು. ವ್ಯತ್ಯಾಸವೆಂದರೆ ಪ್ಲೇಗಿನ ವರ್ಷದಲ್ಲಿ ಈ ಮೆಟ್ಟಿಲುಗಳನ್ನು ಸಂಸಾರಗಳು ವಾರಗಳಲ್ಲಿ ಇಳಿದವು. ದುಡಿಯುವ ಗಂಡಸು ಜ್ವರ ಬಂದ ಐದಾರು ದಿನಗಳಲ್ಲಿ ಇಲ್ಲವಾದರೆ, ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂಬ ಲೆಕ್ಕ ಅವನ ತಲೆಯೊಂದಿಗೇ ಹೋಗುತ್ತಿತ್ತು. ಬಾಯಿಮಾತಿನ ವ್ಯವಹಾರವೇ ಹೆಚ್ಚಾಗಿದ್ದ ಕಾಲದಲ್ಲಿ ವಿಧವೆಯೊಬ್ಬಳು ಬರಬೇಕಾದ ಹಣವನ್ನು ಕೇಳಲು ಸಾಕ್ಷಿಯಿಲ್ಲದೆ, ಕೊಡಬೇಕಾದ ಹಣಕ್ಕೆ ಸಾಕ್ಷಿಗಳು ತಾವಾಗಿಯೇ ಬಂದು ನಿಂತಾಗ ಏನು ಮಾಡಬಲ್ಲಳು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಬಂಧುಬಳಗದ ಆಸರೆಯೂ ಆ ವರ್ಷ ಅರ್ಧಕ್ಕೆ ನಿಂತಿತು. ಕಷ್ಟಕಾಲದಲ್ಲಿ ಹೆಣ್ಣು ತವರಿಗೆ ಹೋಗುವುದು, ಹೆರಿಗೆಗೆ ತವರಿಗೆ ಹೋಗುವುದು ರೂಢಿ. ಆದರೆ ರೋಗವಿರುವ ಊರಿನಿಂದ ಬಂದವರನ್ನು ಬೇರೆ ಊರುಗಳು ಸೇರಿಸಲು ಹೆದರುತ್ತಿದ್ದವು. ಬಸುರಿಯರು ಗುಡಿಸಲಿನಲ್ಲಿಯೇ ಹೆತ್ತರು. ಸೂಲಗಿತ್ತಿಯನ್ನು ಕರೆತರುವುದಕ್ಕೂ ಊರಿನ ಹೆಂಗಸರು ಮನೆಮನೆಯ ಭಯವನ್ನು ದಾಟಬೇಕಾಗಿತ್ತು. ಸಾವಿನ ಮನೆಯ ಕ್ರಮಗಳು ಇನ್ನೂ ದೊಡ್ಡ ಪೆಟ್ಟು ತಿಂದವು: ಚಟ್ಟಕ್ಕೆ ಹೆಗಲು ಕೊಡಲು ನಾಲ್ಕು ಜನ ಸಿಗುವುದು ದುಸ್ತರವಾಯಿತು, ಸೂತಕದ ದಿನಗಳ ಊಟ ಕರ್ಮಗಳು ಮೊಟಕಾದವು, ಒಂದೇ ಮನೆಯಲ್ಲಿ ಮೇಲಿಂದ ಮೇಲೆ ಸಾವಾದಾಗ ಒಂದು ಸೂತಕ ಕಳೆಯುವ ಮುಂಚೆ ಇನ್ನೊಂದು ಹಿಡಿಯುತ್ತಿತ್ತು. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿ ಇಂಥ ಒಂದು ಶವಸಂಸ್ಕಾರದ ಪ್ರಶ್ನೆಯನ್ನು ಪ್ಲೇಗಿನ ಅಗ್ರಹಾರದಲ್ಲಿ ಇಟ್ಟಿರುವುದು ಆಕಸ್ಮಿಕವಲ್ಲ. ಹೆಣದ ಮುಂದೆ ಬಂಧುಗಳು ಹಿಂಜರಿಯುವ ಸ್ಥಿತಿ ಆ ರೋಗದ ನೆನಪಿನಲ್ಲಿ ಬೇರೂರಿದ್ದಿತು. ಹೀಗೆಂದು ಎಲ್ಲರೂ ಹಿಂಜರಿದರೆನ್ನುವುದೂ ಸರಿಯಲ್ಲ. ಸತ್ತ ಅಕ್ಕನ ಹಸುಗೂಸನ್ನು ತನ್ನ ಮಗುವಿನ ಜೊತೆಗೇ ಮೊಲೆಯೂಡಿಸಿ ಬೆಳೆಸಿದ ತಂಗಿಯರು, ಮಕ್ಕಳನ್ನೂ ಸೊಸೆಯರನ್ನೂ ಕಳೆದುಕೊಂಡು ಮೊಮ್ಮಕ್ಕಳಿಗಾಗಿ ಮತ್ತೆ ಒಲೆಯ ಮುಂದೆ ಕೂತ ಅಜ್ಜಿಯರು ಆ ತಲೆಮಾರಿನ ಎಷ್ಟೋ ವಂಶಾವಳಿಗಳಲ್ಲಿ ಇದ್ದಾರೆ, ಹೆಸರಿಲ್ಲದಿದ್ದರೂ.

ರೋಗ ತಡೆಯಲು ನಿಜವಾಗಿ ಉಪಯೋಗಕ್ಕೆ ಬಂದವು ಎರಡು: ಚುಚ್ಚುಮದ್ದು ಮತ್ತು ಊರು ಬಿಡುವುದು. ಕೊಂದ ಪ್ಲೇಗಿನ ಸೂಕ್ಷ್ಮಜೀವಿಗಳಿಂದ ಮದ್ದನ್ನು ತಯಾರಿಸಿದ ವಾಲ್ಡೆಮಾರ್ ಹಾಫ್‌ಕಿನ್ 1897ರ ಜನವರಿ 10ರಂದು ಮುಂಬಯಿಯಲ್ಲಿ ಅದನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಆ ಮದ್ದನ್ನು ಬಹುದೊಡ್ಡ ಪ್ರಮಾಣದಲ್ಲಿ ಹಾಕಿದ ಮೊದಲ ಊರುಗಳಲ್ಲಿ ಹುಬ್ಬಳ್ಳಿ ಒಂದು. 1898ರಲ್ಲಿ ಅಲ್ಲಿ 30,000ಕ್ಕೂ ಹೆಚ್ಚು ಜನ ಚುಚ್ಚಿಸಿಕೊಂಡರು, ಮತ್ತು ಚುಚ್ಚಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾದದ್ದು ಹಾಫ್‌ಕಿನ್‌ನ ಮದ್ದಿನ ಪರವಾದ ದೊಡ್ಡ ಸಾಕ್ಷ್ಯವಾಯಿತು. ಇಷ್ಟು ಜನ ಒಪ್ಪಿದ್ದು ಸಣ್ಣ ಮಾತಲ್ಲ, ಏಕೆಂದರೆ ಸೂಜಿ ಚುಚ್ಚಿದ ಮೇಲೆ ತೋಳು ಊದಿ, ಜ್ವರ ಬಂದು, ಒಂದೆರಡು ದಿನ ಕೆಲಸ ಮಾಡಲಾಗದೆ ಕೂಲಿ ತಪ್ಪುತ್ತಿತ್ತು. ರಕ್ಷಣೆಯೂ ಕೆಲವು ತಿಂಗಳುಗಳ ಮಟ್ಟಿನದು, ಮುಂದಿನ ಸುಗ್ಗಿಗೆ ಮತ್ತೆ ಚುಚ್ಚಿಸಿಕೊಳ್ಳಬೇಕು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಕಲುಷಿತವಾದ ಒಂದು ಶೀಷೆಯ ಮದ್ದಿನಿಂದ 19 ಜನ ಧನುರ್ವಾಯು ಬಂದು ಸತ್ತಾಗ ಮದ್ದಿನ ಮೇಲಿನ ವಿಶ್ವಾಸಕ್ಕೆ ದೇಶದಾದ್ಯಂತ ಧಕ್ಕೆಯಾಯಿತು. ಬೆಂಗಳೂರಿನ ಪ್ಲೇಗ್ ಕ್ಯಾಂಪುಗಳಲ್ಲಿ ದುಡಿದ ವೈದ್ಯರಲ್ಲಿ ಡಾ. ಪಲ್ಪು ಅವರ ಹೆಸರು ನೆನಪಿಡಬೇಕಾದದ್ದು. ಈಳವ ಜಾತಿಯವರೆಂಬ ಕಾರಣಕ್ಕೆ ಸ್ವಂತ ತಿರುವಾಂಕೂರು ಅವರಿಗೆ ಕೆಲಸ ಕೊಟ್ಟಿರಲಿಲ್ಲ; ಮೈಸೂರು ಸರ್ಕಾರದ ಸೇವೆಗೆ ಸೇರಿದ ಅವರು 1898ರಲ್ಲಿ ತಮ್ಮ ಜೀವದ ಹಂಗು ತೊರೆದು ಇಲ್ಲಿನ ರೋಗಿಗಳ ನಡುವೆ ನಿಂತರು.

ಊರು ಬಿಡುವುದನ್ನು ಯಾವ ವೈದ್ಯನೂ ಹೇಳಿಕೊಡಬೇಕಾಗಿರಲಿಲ್ಲ. ಆರಂಭದಲ್ಲಿ ಬಲವಂತದ ಬೇರ್ಪಡಿಕೆಯನ್ನೇ ನೆಚ್ಚಿದ್ದ ಸರ್ಕಾರಗಳು ಕೆಲವು ವರ್ಷಗಳಲ್ಲಿ ಜನ ತಾವಾಗಿಯೇ ಮಾಡುತ್ತಿದ್ದ ಈ ಕೆಲಸವೇ ಹೆಚ್ಚು ಫಲಕಾರಿ ಎಂದು ಒಪ್ಪಿ, ಬಿದಿರು, ತಡಿಕೆಗಳ ನೆರವು ಕೊಡುವ ಮಟ್ಟಕ್ಕೆ ಬಂದವು. ಇಡೀ ಪ್ಲೇಗಿನ ಇತಿಹಾಸದಲ್ಲಿ ಹಳ್ಳಿಯ ಜನರ ತಿಳಿವಳಿಕೆಗೆ ಸಲ್ಲಬೇಕಾದ ಗೌರವ ಇದು, ಮತ್ತು ಅದು ಇನ್ನೂ ಪೂರ್ತಿಯಾಗಿ ಸಂದಿಲ್ಲ. ಇಲಿ ಬಿದ್ದ ಸುದ್ದಿ ಖಚಿತವಾದ ಮೇಲೆ ಪಟೇಲ ಶಾನುಭೋಗರೂ ಹಿರಿಯರೂ ಸೇರಿ ಊರು ಬಿಡುವ ದಿನವನ್ನು ಗೊತ್ತುಮಾಡುತ್ತಿದ್ದರು. ಪ್ರತಿಯೊಂದು ಮನೆಯೂ ತನ್ನ ಹೊಲದಲ್ಲೋ, ಊರ ಮುಂದಿನ ತೋಪಿನಲ್ಲೋ, ಗೋಮಾಳದಲ್ಲೋ ಗುಡಿಸಲು ಹಾಕಿಕೊಳ್ಳುತ್ತಿತ್ತು. ನಾಲ್ಕು ಮೂಲೆಗೆ ಕವೆಗೋಲು, ಮೇಲೆ ಬಿದಿರ ಗಳ, ತೆಂಗಿನ ಗರಿ ಅಥವಾ ಕಬ್ಬಿನ ಸೋಗೆ ಅಥವಾ ಹುಲ್ಲಿನ ಹೊದಿಕೆ, ಬಯಲುಸೀಮೆಯ ಕಡೆ ಜೋಳದ ದಂಟಿನ ಗೋಡೆ, ಬಾಗಿಲಿಗೆ ಒಂದು ತಡಿಕೆ. ಮೂರು ಕಲ್ಲಿನ ಒಲೆ ಗುಡಿಸಲಿನ ಹೊರಗೆ, ಏಕೆಂದರೆ ಒಂದು ಕಿಡಿ ಹಾರಿದರೂ ಸಾಲುಸಾಲು ಗುಡಿಸಲುಗಳು ಉರಿದುಹೋಗುವ ಭಯ. ಊರಿನೊಳಗೆ ಜಾತಿಯಂತೆ ಹಂಚಿಹೋಗಿದ್ದ ಕೇರಿಗಳು ಬಯಲಿನಲ್ಲಿಯೂ ಹಾಗೆಯೇ ಬೇರೆ ಬೇರೆ ಸಾಲುಗಳಾಗಿ ಎದ್ದವು. ಹೊಲವಿಲ್ಲದವರಿಗೆ ಸಿಕ್ಕಿದ್ದು ಕೆರೆಯಂಗಳದ ತೇವದ ನೆಲ, ಕಲ್ಲುಬಯಲು.

ಬಿಟ್ಟ ಊರಿಗೆ ಹಗಲಿನಲ್ಲಿ ತಳವಾರ ತೋಟಿಗಳ ಕಾವಲು ಇದ್ದರೂ ಬೀಗ ಹಾಕಿದ ಮನೆಗಳಿಗೆ ಕನ್ನ ಬೀಳುವ ಅಂಜಿಕೆ ತಪ್ಪುತ್ತಿರಲಿಲ್ಲ. ಕಳ್ಳರಿಗಿಂತ ದೊಡ್ಡ ಅಪಾಯ ಬೇರೊಂದಿತ್ತು. ಕಾಳು, ಉಪ್ಪು, ಮೆಣಸಿನಕಾಯಿ, ಸೌದೆಗಳೆಲ್ಲ ಹಳೆಯ ಮನೆಯಲ್ಲಿಯೇ ಉಳಿದಿದ್ದವು. ದೇವರ ಮನೆಯ ದೀಪವನ್ನು ಕತ್ತಲೆಗೆ ಬಿಡಲು ಹಿರಿಯರ ಮನಸ್ಸು ಒಪ್ಪುತ್ತಿರಲಿಲ್ಲ. ಎರಡು ಸೇರು ರಾಗಿ ತರಲೆಂದೋ, ದೀಪ ಹಚ್ಚಿ ಬರಲೆಂದೋ ಒಳಗೆ ಹೋದವರ ಕಾಲಿಗೆ, ಇಲಿಗಳೆಲ್ಲ ಸತ್ತು ಹಸಿದಿದ್ದ ಚಿಗಟಗಳು ಹತ್ತುತ್ತಿದ್ದವು. ಊರು ಬಿಟ್ಟ ಮೇಲೂ ಸಾವು ನಿಲ್ಲದ ಕಡೆಗಳಲ್ಲಿ ಬಹುಮಟ್ಟಿಗೆ ಇದೇ ಕಾರಣ. ಧಾನ್ಯದ ಹೊಣೆಯೂ ಅಡುಗೆಯ ಹೊಣೆಯೂ ಹೆಂಗಸರದಾಗಿದ್ದರಿಂದ ಈ ಅಪಾಯದ ದೊಡ್ಡ ಪಾಲು ಅವರ ಮೇಲೆಯೇ ಬಿತ್ತೆಂದು ತಿಳಿಯಬಹುದು.

ಎಸ್. ಎಲ್. ಭೈರಪ್ಪನವರ 'ಗೃಹಭಂಗ' 1970ರಲ್ಲಿ ಪ್ರಕಟವಾದ ಕಾದಂಬರಿಯಾದರೂ ಈ ಗುಡಿಸಲುಗಳ ಬದುಕಿನ ಬಗ್ಗೆ ಕನ್ನಡದಲ್ಲಿರುವ ಅತ್ಯಂತ ಆಪ್ತವಾದ ದಾಖಲೆಗಳಲ್ಲಿ ಒಂದು. ತಿಪಟೂರು, ಚನ್ನರಾಯಪಟ್ಟಣಗಳ ಸೀಮೆಯಲ್ಲಿ, 1898ರಿಂದ ಮೂರು ನಾಲ್ಕು ದಶಕಗಳ ಮೇಲೂ, ಪ್ಲೇಗು ಮರುಕಳಿಸಿದಾಗಲೆಲ್ಲ ಊರು ಬಿಡುವುದೂ ಸೇರುವುದೂ ಸಂಸಾರದ ಮಾಮೂಲಿ ವಿದ್ಯಮಾನವಾಗಿದ್ದುದನ್ನು ಅದರಲ್ಲಿ ಕಾಣಬಹುದು. ಬೆಳೆದ ಮಕ್ಕಳನ್ನು ಈ ರೋಗಕ್ಕೆ ಕೊಟ್ಟ ನಂಜಮ್ಮ ಉಳಿದ ಮಗನಿಗಾಗಿ ಮನೆವಾರ್ತೆಯನ್ನು ಎತ್ತಿ ನಿಲ್ಲಿಸುವ ಭಾಗ, ಆಡಳಿತ ವರದಿಗಳಲ್ಲಿ ಒಂದು ಅಂಕಿಯಾಗಿ ಮುಗಿದುಹೋಗುವ ಸಂಗತಿ ಮನೆಯೊಳಗೆ ಎಷ್ಟು ವರ್ಷ ನಡೆಯುತ್ತದೆಂಬುದನ್ನು ತೋರಿಸುತ್ತದೆ.

ದೈವದ ಮೊರೆ ಈ ಎಲ್ಲದರ ಜೊತೆಗೇ ಸಾಗಿತು. ಹಳದಿ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಹೆಸರಿನಲ್ಲಿ ತೆಗೆದಿಡುವ ಮುಡಿಪು ಪ್ರತಿ ಮನೆಯ ಹರಕೆ. ಊರೊಟ್ಟಿನ ಹರಕೆ ಮಾರಮ್ಮನದು. ಮಾರಿಯನ್ನು ಪೂಜಿಸಿ, ಬಲಿ ಕೊಟ್ಟು, ಊರ ಎಲ್ಲೆಯವರೆಗೆ ಮೆರವಣಿಗೆಯಲ್ಲಿ ಒಯ್ದು ಗಡಿ ದಾಟಿಸುವ ಹಳೆಯ ಆಚರಣೆ ಪ್ಲೇಗಿನ ವರ್ಷಗಳಲ್ಲಿ ಮತ್ತೆ ಮತ್ತೆ ನಡೆಯಿತು. ಬೆಂಗಳೂರಿನಲ್ಲಿ ಪ್ಲೇಗ್ ಮಾರಮ್ಮನ ಹೆಸರಿನ ಗುಡಿಗಳು ಇಂದಿಗೂ ಇವೆ, ಮತ್ತು ಅಲ್ಲಿ ಮೊಸರನ್ನದ ಎಡೆಯಿಟ್ಟು ಕೈಮುಗಿಯುವವರಿಗೆ ಪ್ಲೇಗೆಂದರೇನೆಂದು ತಿಳಿದಿರಬೇಕಾಗಿಲ್ಲ. ಚುಚ್ಚಿಸಿಕೊಂಡವರೇ ಹರಕೆಯನ್ನೂ ಹೊತ್ತರು. ಇವೆರಡನ್ನು ಎದುರುಬದುರಾಗಿ ನಿಲ್ಲಿಸುವುದು ನಂತರದವರ ಅಭ್ಯಾಸ. ಮಗುವಿನ ಹಣೆ ಕಾವೇರಿದಾಗ ತಾಯಿ ಯಾವುದನ್ನೂ ಬಿಡುವವಳಲ್ಲ.

ನಗರದಲ್ಲಿ ಊರು ಬಿಡುವುದು ಬೇರೊಂದು ರೂಪ ತಾಳಿತು. ಪ್ಲೇಗಿಗೆ ಮುಂಚೆಯೇ ಯೋಜನೆಯಾಗಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು 1898ರ ಬಳಿಕ ನಿಜವಾಗಿ ತುಂಬತೊಡಗಿದವು: ಅಗಲವಾದ ನೇರ ಬೀದಿಗಳು, ಮನೆ ಮನೆಗೂ ನಡುವೆ ಬಯಲು, ಹಿಂದೆ ಸಂದಿಬೀದಿ. ದಂಡುಪ್ರದೇಶದಲ್ಲಿ ಇದೇ ಅನುಭವದಿಂದ ಮುಂದಿನ ದಶಕದಲ್ಲಿ ಫ್ರೇಜರ್ ಟೌನ್ ಎದ್ದಿತು. ಮೈಸೂರಿನಲ್ಲಿ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡು 1903ರಲ್ಲಿ ಸ್ಥಾಪನೆಯಾಯಿತು. ಸಂಬಳವಿದ್ದವರಿಗೆ, ಸ್ವಲ್ಪ ಕೂಡಿಟ್ಟವರಿಗೆ, ಕೆಟ್ಟ ವರ್ಷ ಹೊಸ ನಿವೇಶನವೊಂದರ ಆರಂಭವೂ ಆಯಿತು. ಪೇಟೆಯ ನೇಕಾರನೂ ಕೂಲಿಯವನೂ ಬೇಸಿಗೆ ಬಂದೊಡನೆ ಅದೇ ಇಕ್ಕಟ್ಟಿನ ಮನೆಗೆ ಮರಳಿದರು, ಮತ್ತು ಮುಂದಿನ ಚಳಿಗಾಲದಲ್ಲಿ ರೋಗವೂ ಅಲ್ಲಿಗೇ ಮರಳಿತು. 1891ರಲ್ಲಿ 80,285 ಇದ್ದ ಬೆಂಗಳೂರು ನಗರದ ಜನಸಂಖ್ಯೆ 1901ರಲ್ಲಿ 69,447ಕ್ಕೆ ಇಳಿಯಿತು. ದಂಡುಪ್ರದೇಶದ್ದು ಸುಮಾರು ಒಂದು ಲಕ್ಷದಿಂದ 89,599ಕ್ಕೆ. ಮೈಸೂರು ನಗರದ್ದು 74,048ರಿಂದ 68,111ಕ್ಕೆ. ಈ ಇಳಿಕೆಯಲ್ಲಿ ಸತ್ತವರೂ ಇದ್ದಾರೆ, ಹೋದವರು ಹಿಂದಿರುಗದೆ ಉಳಿದದ್ದೂ ಇದೆ. ಅಂಕಿ ಎರಡನ್ನೂ ಬೇರೆ ಮಾಡಿ ಹೇಳುವುದಿಲ್ಲ.

ಸ್ಟ್ರೆಪ್ಟೊಮೈಸಿನ್ ಔಷಧವೂ ಡಿಡಿಟಿಯೂ ಬಂದ ಮೇಲೆ, 1940ರ ದಶಕದ ಕೊನೆಯಿಂದ, ರೋಗ ವೇಗವಾಗಿ ಹಿಂದೆ ಸರಿಯಿತು. 1966ರಲ್ಲಿ ಮೈಸೂರು ರಾಜ್ಯದಿಂದ ವರದಿಯಾದ ಪ್ರಕರಣಗಳ ನಂತರ, 1994ರವರೆಗೆ, ಭಾರತದಲ್ಲಿ ಪ್ಲೇಗು ಕಾಣಿಸಲಿಲ್ಲ. ರೋಗ ಹಿಂದೆ ಸರಿಯುವವರೆಗೂ ಮೈಸೂರು ಸೀಮೆಯ ಅನೇಕ ಹಳ್ಳಿಗಳಲ್ಲಿ ಊರು ಸೇರುವ ದಿನವೂ ಊರು ಬಿಡುವ ದಿನದಂತೆಯೇ ಗೊತ್ತಾದ ಒಂದು ಕ್ರಮವಾಗಿ ಉಳಿದಿತ್ತು: ಬೇಸಿಗೆ ಬಲಿತ ಮೇಲೆ ಒಳ್ಳೆಯ ದಿನ ನೋಡಿ, ಬಾಗಿಲುಗಳನ್ನೆಲ್ಲ ಹಾರುಹೊಡೆದು, ಬಿಲಗಳನ್ನು ಕಲ್ಲು ಮಣ್ಣಿನಿಂದ ಮುಚ್ಚಿ, ಗೋಡೆಗೆ ಸುಣ್ಣ ನೆಲಕ್ಕೆ ಸಗಣಿಯ ಸಾರಣೆ ಮಾಡಿ, ಹಾಲುಕ್ಕಿಸಿ ಒಲೆ ಹೂಡುವುದು. ಕೆಲವು ಊರುಗಳು ಸೇರಲೇ ಇಲ್ಲ. ಗುಡಿಸಲು ಹಾಕಿದ ಜಾಗದಲ್ಲಿಯೇ ಗೋಡೆ ಎಬ್ಬಿಸಿ ಹೊಸ ಊರಾಯಿತು, ಹಿಂದಿನದು ಹಾಳೂರೆನಿಸಿಕೊಂಡಿತು. ಕಂದಾಯದ ಕಡತಗಳಲ್ಲಿ ಜನವಸತಿಯಿಲ್ಲದ ಗ್ರಾಮಕ್ಕೆ ಬೇಚರಾಕ್ ಎಂಬ ಹೆಸರಿದೆ. ಬೇಚರಾಕ್ ಊರುಗಳೆಲ್ಲವೂ ಪ್ಲೇಗಿನಿಂದಲೇ ಹಾಳಾದುವಲ್ಲ, ಆದರೆ ಹಲವೆಡೆ ಹಿರಿಯರು ಅದನ್ನೇ ಕಾರಣವಾಗಿ ಹೇಳುತ್ತಾರೆ. ಅಂಥ ನೆಲದಲ್ಲಿ ಉಳುವಾಗ ನೇಗಿಲಿಗೆ ಒರಳುಕಲ್ಲು, ಹಗೇವಿನ ಬಾಯಿಗೆ ಮುಚ್ಚಿದ ಚಪ್ಪಡಿ ಸಿಗುತ್ತವೆ, ಮತ್ತು ವರ್ಷಕ್ಕೊಮ್ಮೆ ಮಾರಮ್ಮನ ಹಬ್ಬಕ್ಕೆ ಹೊಸ ಊರಿನವರು ತಂಬಿಟ್ಟಿನ ಆರತಿ ಹಿಡಿದು ಅಲ್ಲಿಗೆ ಹೋಗಿ ಬರುತ್ತಾರೆ.